ಮಳೆಗಾಲ ಶುರುವಾಗುವವರೆಗೆ ಪುಸ್ತಕ ಇಲ್ಲ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವವರು ಸಿಕ್ಕರೆ ನಾನು ಮೊದಲು ಕೇಳುವುದು ಒಂದೇ: ಏಪ್ರಿಲ್, ಮೇ ತಿಂಗಳಿಗೆ ಏನು ಯೋಚನೆ ಮಾಡಿದ್ದೀರಿ? ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಶಾಲೆಯ ಮಕ್ಕಳಿಗೆ ರಜೆಯನ್ನು ಯಾರೋ ಕೊಡುತ್ತಾರೆ, ಯಾರೋ ಮುಗಿಸುತ್ತಾರೆ. ನಮ್ಮ ಮನೆಗಳಲ್ಲಿ ಗಂಟೆ ಹೊಡೆಯುವವರಿಲ್ಲ. ಹಾಗಾಗಿ ಮಗುವನ್ನು ಎದುರಿಗೆ ಕೂರಿಸಿಕೊಂಡು, ಚೌಕಾಶಿ ಮಾಡಿಯೇ ರಜೆ ತೀರ್ಮಾನ ಮಾಡಿ ಎನ್ನುತ್ತೇನೆ. ಈ ಬುದ್ಧಿ ನನಗೆ ಬಂದದ್ದು ಮಗಳಿಂದ.

ನನ್ನದು ಹಳೆ ಮನೆ ಸಾಮಾನಿನ ವ್ಯಾಪಾರ. ಭಟ್ಕಳದಿಂದ ಕುಮಟಾದವರೆಗೆ ಎಲ್ಲಿ ಹಳೆ ಮನೆ ಕೆಡವಿದರೂ ಹಂಚು, ತೊಲೆ, ಬಾಗಿಲು ಕೊಳ್ಳಲು ನಾನು ಹಾಜರು. ಹೊನ್ನಾವರದ ಹೊರಗೆ ಹೆದ್ದಾರಿ ಬದಿಯಲ್ಲಿ ಅವನ್ನೆಲ್ಲ ಪೇರಿಸಿಟ್ಟ ಜಾಗ ಇದೆ. ಅಪ್ಪನ ಆಸ್ತಿಯಿಂದ ಆದದ್ದಲ್ಲ, ಬಾಯಿಂದಲೇ ಆದದ್ದು. ಮೂರನೇ ಕ್ಲಾಸಿನಲ್ಲಿ ಮಗಳು ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವೆಂದು ಅಳತೊಡಗಿದಾಗ ಬಿಡಿಸಿ ಮನೆಯಲ್ಲೇ ಕಲಿಸಲು ಹೊರಟೆವು. ಬೆಳಿಗ್ಗೆ ಹೆಂಡತಿ ಪುಸ್ತಕ ಹಿಡಿದು ಕೂರಿಸುತ್ತಾಳೆ. ಮಧ್ಯಾಹ್ನದ ಮೇಲೆ ಮಗಳು ನನ್ನ ಪಿಕಪ್ ಗಾಡಿಯಲ್ಲಿ. ಕಾಯ್ಕಿಣಿಗೆ ಹೋದರೂ ಮಿರ್ಜಾನಕ್ಕೆ ಹೋದರೂ ಟೇಪು ಹಿಡಿದು ತೊಲೆ ಅಳೆಯುವುದು ಅವಳೇ. ಭಟ್ಕಳದ ಗಿರಾಕಿಗಳ ಹತ್ತಿರ ಅವರ ನವಾಯತಿ ಭಾಷೆಯಲ್ಲೇ ಕುಶಲ ಕೇಳುತ್ತಾಳೆ, ನನಗಿಂತ ಚೆಂದ.

ಇದೆಲ್ಲ ಹೊಳನಗದ್ದೆಯಲ್ಲಿರುವ ನನ್ನ ಅಕ್ಕನಿಗೆ ಕಲಿಕೆಯೇ ಅಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಅವಳ ಮಾತು ಮೀರುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಹೋದ ವರ್ಷ ಬೇಸಿಗೆ ಬರುವ ಮೊದಲೇ ಫೋನ್ ಮಾಡಿದಳು.

"ತಮ್ಮಾ, ಹೆಣ್ಣುಕೂಸಿಗೆ ಹಂಚಿನ ರಾಶಿ ಮೇಲೆ ಬೆಳೆಸಿದ್ದು ಸಾಕು. ರಜೆಗೆ ಇಲ್ಲಿಗೆ ಕಳ್ಸು, ನಮ್ಮ ಮಕ್ಳ ಒಟ್ಟಿಗೆ ಇರ್ಲಿ. ಅದಕ್ಕೆ ಎಂತ ಬತ್ತದೆ, ಎಂತ ಬರೂದಿಲ್ಲ ನಾನೇ ನೋಡ್ತೆ. ಏನೂ ಬರ್ದೇ ಇದ್ರೆ ಜೂನಿಗೆ ಇಲ್ಲೇ ಶಾಲೆಗೆ ಹಾಕೂದು. ನೀ ಮಾತಾಡೂಕಿಲ್ಲ."

ನಾನು ಮಗಳ ಬಟ್ಟೆಗಿಂತ ಮೊದಲು ಚೀಲಕ್ಕೆ ಪುಸ್ತಕ ತುಂಬಿದೆ. ಗಣಿತ, ಕನ್ನಡ, ವಿಜ್ಞಾನ, ಮೇಲೊಂದು ವೇಳಾಪಟ್ಟಿ. ಮನೆಪಾಠದ ಅಪ್ಪ ಅಮ್ಮಂದಿರೆಲ್ಲ ಮಾಡುವ ಕೆಲಸ ಇದು. ನೆಂಟರ ಮುಂದೆ ಮಗುವನ್ನು ಅಂಗಡಿ ಮುಂಗಟ್ಟಿನಲ್ಲಿ ಇಡುವ ಹಾಗೆ ಇಡುತ್ತೇವೆ. ಮಾಡಬೇಡಿ.

ಮಗಳು ಚೀಲ ತೆಗೆದು ನೋಡಿದಳು.

"ಎಂತ ಅಪ್ಪಾ ಇದು? ಅತ್ತೆ ಮಕ್ಳಿಗೆಲ್ಲ ರಜೆ, ನಂಗೆ ಮಾತ್ರ ಶಾಲೆಯಾ?"

"ನೀ ಶಾಲೆಗೇ ಹೋಗೂದಿಲ್ಲ. ರಜೆ ಎಲ್ಲಿಂದ ಬತ್ತದೆ?"

ಅವಳು ಚೀಲದ ಬಾಯಿ ಕಟ್ಟಿದಳು. "ಮಳೆಗಾಲ ಶುರುವಾಗೂವರೆಗೆ ಒಂದು ಪುಸ್ತಕವೂ ಬ್ಯಾಡ. ಶುರುವಾದ ದಿನ ನಾನೇ ತೆಗೀತೆ."

"ಅರ್ಧ ದಿನ ಓದು, ಅರ್ಧ ದಿನ ಆಟ."

"ಬ್ಯಾಡ."

"ಗಣಿತ ಒಂದೇ, ಮಾರಾಯ್ತಿ."

ಅವಳು ಎದ್ದು ಹೊರಟಳು. ಜೋರಾಗಿಯೂ ಅಲ್ಲ, ನಿಧಾನವಾಗಿಯೂ ಅಲ್ಲ. ತಿರುಗಿಯೂ ನೋಡಲಿಲ್ಲ. ಆ ನಡಿಗೆ ನನ್ನದು! ದರ ಕುದುರದೆ ಹೊರಟರೆ ಮಾರುವವನು ಹಿಂದಿನಿಂದ ಕರೆದೇ ಕರೆಯುತ್ತಾನೆ ಎಂಬ ಧೈರ್ಯ ಇದ್ದವರು ಮಾತ್ರ ಹಾಗೆ ನಡೆಯುವುದು. ದಾಸವಾಳದ ಗಿಡ ದಾಟುವಷ್ಟರಲ್ಲಿ ನಾನು ಕರೆದೆ.

"ಬಾ, ಆತು."

ಹೊಳನಗದ್ದೆಯಲ್ಲಿ ಅವಳು ಏನು ಮಾಡಿದಳು ಎಂದರೆ, ಆಡಿದಳು. ಈಜು ಕಲಿತಳು, ಗೇರುಹಣ್ಣು ತಿಂದು ಅಂಗಿ ಕಲೆ ಮಾಡಿಕೊಂಡಳು. ಪುಸ್ತಕದ ಚೀಲ ಮೂಲೆಯಲ್ಲೇ ಕೂತಿತು. ನಾನು ಹೋದಾಗಲೆಲ್ಲ ಅಕ್ಕ ಆ ಚೀಲ ನೋಡಿ, ನನ್ನನ್ನು ನೋಡಿ, "ಜೂನು ಬಂತು ತಮ್ಮಾ" ಎನ್ನುತ್ತಿದ್ದಳು.

ಮೇ ಮುಗಿಯುತ್ತ ಬಂದಿತ್ತು. ಅಕ್ಕನ ಅಡುಗೆಮನೆಯ ಹಂಚು ಇಳಿಸಿ, ಒಡೆದದ್ದನ್ನು ಬದಲಿಸಿ, ಮತ್ತೆ ಹೊದಿಸುವ ಕೆಲಸ ಬಾಕಿ ಇತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಹೆದರಿದಳು. "ಮೋಡ ಕಟ್ತದೆ. ಹಂಚು ಇಳ್ಸಿದ ಮೇಲೆ ಮಳೆ ಹಿಡಿದ್ರೆ ಒಲೆ ಎಲ್ಲಿ ಹಚ್ಚೂದು?"

"ಮಳೆಗಾಲಕ್ಕೆ ಇನ್ನೂ ದಿನ ಇದೆ ಅಕ್ಕಾ. ನಾಳೆ ಬೆಳಿಗ್ಗೆ ಆಳು ಬತ್ತಾರೆ, ಇಳ್ಸೂದೇ" ಎಂದೆ.

ಸಂಜೆ ಗುಡುಗಿತು. ಮಳೆ ಒಂದೇ ಸಮನೆ ಸುರಿಯಿತು. ಕರೆಂಟು ಹೋಗಿ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ನನಗೆ ಇದೇ ಸಮಯ ಎನಿಸಿತು. ಉಳಿದ ಒಂದೆರಡು ದಿನವಾದರೂ ಅಕ್ಕನ ಕಣ್ಣೆದುರು ಮಗಳು ಓದಲಿ.

"ಕೂಸೇ, ಮಳೆಗಾಲ ಬಂತು. ಪುಸ್ತಕ ತೆಗೆ."

"ಇದು ಮಳೆಗಾಲ ಅಲ್ಲ ಅಪ್ಪಾ. ಮೋಡ ಘಟ್ಟದ ಬದಿಯಿಂದ ಬಂತು, ಗುಡುಗಿತು. ಮಳೆಗಾಲದ ಮೋಡ ಕಡಲ ಬದಿಯಿಂದ ಬತ್ತದೆ. ಗಾಳಿ ಇನ್ನೂ ತಿರುಗಲೇ ಇಲ್ಲ."

"ನಿಂಗೆ ಹೇಗೆ ಗೊತ್ತು?"

ಅಕ್ಕನ ಮಗ ನಡುವೆ ಬಾಯಿ ಹಾಕಿದ. "ಮಾವಾ, ನಾವು ಗದ್ದೆ ಅಂಚಿನಲ್ಲಿ ಗಳ ನೆಟ್ಟು ಹಳೆ ಸೀರೆ ತುಂಡು ಕಟ್ಟಿದ್ದೇವೆ. ಬೆಳಿಗ್ಗೆ ಎದ್ದು ಈ ಕೂಸು ನಮ್ಮನ್ನೆಲ್ಲ ಅಲ್ಲಿಗೆ ಎಳ್ಕೊಂಡು ಹೋಗ್ತದೆ, ಗಾಳಿ ಯಾವ ಬದಿಗೆ ಅಂತ ನೋಡೂಕೆ!"

ರಜೆ ಯಾವತ್ತು ಮುಗಿಯುತ್ತದೆ ಎಂಬುದು ಆಕಾಶದಲ್ಲಿತ್ತಲ್ಲ, ಅವಳು ದಿನವೂ ಆಕಾಶವನ್ನೇ ಕಾದಿದ್ದಳು. ಆದರೂ ನಾನು ವ್ಯಾಪಾರದವನು, ಅಷ್ಟು ಸುಲಭದಲ್ಲಿ ಬಿಡುವುದುಂಟೇ? "ನೀ ಎಂತ ಹವಾಮಾನ ಇಲಾಖೆಯಾ? ಬಂತು ಅಂದ್ರೆ ಬಂತು" ಎಂದೆ.

"ಬಂತಾ? ಹಾಂಗಾದ್ರೆ ನಾಳೆ ಅತ್ತೆ ಹಂಚು ಇಳ್ಸೂದು ಹೇಗೆ? ಮಧ್ಯಾಹ್ನ ಇನ್ನೂ ದಿನ ಇದೆ ಅಂದ್ಯಲ್ಲ. ಅತ್ತೆಗೆ ಒಂದು ಮಳೆಗಾಲ, ನಂಗೆ ಬೇರೆ ಮಳೆಗಾಲವಾ?"

ಎಷ್ಟೋ ಮನೆಯ ಯಜಮಾನರನ್ನು ಮಾತಿನಲ್ಲಿ ಕಟ್ಟಿಹಾಕಿದವನು ನಾನು. ಈಗ ಕಟ್ಟು ನನಗೇ ಬಿತ್ತು. ಪುಸ್ತಕ ಬೇಕೆಂದರೆ ಹಂಚು ಇಳಿಸುವಂತಿಲ್ಲ. ಹಂಚು ಇಳಿಸಬೇಕೆಂದರೆ ಪುಸ್ತಕ ಕೇಳುವಂತಿಲ್ಲ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ನಿಂಗೆ ಮೂಗುದಾರ ಹಾಕುವವರು ಹುಟ್ಟಿದ್ರಲ್ಲ ತಮ್ಮಾ!" ಎಂದವಳು ಮಗಳ ಕಡೆ ತಿರುಗಿದಳು. "ನೀ ಹೇಳು ಕೂಸೇ. ಇಳ್ಸೂದಾ, ಬ್ಯಾಡ್ವಾ?"

"ಬೆಳಿಗ್ಗೆ ಬೇಗ ಇಳ್ಸಿ, ಮಧ್ಯಾಹ್ನದೊಳಗೆ ಹೊದಿಸಿ ಬಿಡಿ ಅತ್ತೆ. ಸಂಜೆಗೆ ಘಟ್ಟದ ಮೋಡ ಮತ್ತೆ ಬಂದರೂ ಬಂತು."

ಅಕ್ಕ ನನ್ನನ್ನು ಕೇಳಲೇ ಇಲ್ಲ. ಮಾರನೇ ದಿನ ಮಗಳು ಹೇಳಿದ ಹಾಗೆಯೇ ಕೆಲಸ ನಡೆಯಿತು. ಅವಳೇ ಒಡೆದ ಹಂಚು ಬೇರೆ ಮಾಡಿ, ನಾನು ಗಾಡಿಯಲ್ಲಿ ತಂದಿದ್ದ ಹಳೆ ಹಂಚಿನಲ್ಲಿ ಅದೇ ಅಚ್ಚಿನದ್ದು ಹುಡುಕಿ ಕೊಟ್ಟಳು. ಸಂಜೆ ಮತ್ತೆ ಗುಡುಗಿತು. ಅಡುಗೆಮನೆಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಒಲೆ ಮುಂದೆ ಕೂತ ಅಕ್ಕ ತಲೆ ಮೇಲಿನ ಹಂಚಿನ ಮಾಡನ್ನೊಮ್ಮೆ ನೋಡಿ ಹೇಳಿದಳು: "ಜೂನಿಗೆ ಕರ್ಕೊಂಡು ಹೋಗು. ಅದಕ್ಕೆ ಇಲ್ಲಿಯ ಶಾಲೆ ಬ್ಯಾಡ. ಆದ್ರೆ ಬರೂ ವರ್ಷದ ರಜೆ ನಂದು."

ನನಗೆ ಆಗ ಎಷ್ಟು ಹೆಮ್ಮೆಯಾಯಿತೆಂದರೆ, ಅಕ್ಕ ಇನ್ನೊಮ್ಮೆ ಹೇಳಲಿ ಎಂದು ಕೇಳಿಸದವನ ಹಾಗೆ ಕೂತೆ.

ನಿಮಗೆ ನಾನು ಹೇಳುವುದು ಇಷ್ಟೇ. ಬೇಸಿಗೆಗೆ ವೇಳಾಪಟ್ಟಿ ಕೊಡಬೇಡಿ. ಮಗುವೇ ಕಾಯಬೇಕಾದ ಒಂದು ಗಡಿ ಕೊಡಿ. ಕೊಟ್ಟ ಮೇಲೆ ಎರಡು ಮಾತು ಆಡಬೇಡಿ, ಸಿಕ್ಕಿಬೀಳುತ್ತೀರಿ.

ನಾನು ಹೊನ್ನಾವರಕ್ಕೆ ಮರಳಿದ ಮೇಲೆ, ಜೂನಿನ ಒಂದು ಬೆಳಿಗ್ಗೆ ಮಗಳ ಫೋನ್ ಬಂತು. "ಅಪ್ಪಾ, ಗಾಡಿ ತಕಂಡು ಬಾ. ಸೀರೆ ತುಂಡು ಘಟ್ಟದ ಬದಿಗೆ ಹಾರ್ತಾ ಅದೆ."

ನಾನು ಹೋಗುವಾಗ ಕಡಲ ಕಡೆಯಿಂದ ಸಣ್ಣಗೆ, ಗುಡುಗಿಲ್ಲದ ಮಳೆ. ಅವಳು ಪುಸ್ತಕದ ಚೀಲ ತೊಡೆ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು.

"ಗಣಿತ ಮೊದಲು, ಅಲ್ದಾ?" ಎಂದೆ.

"ಗಾಡಿ ಹತ್ತು ಅಪ್ಪಾ. ಯಾವುದು ಮೊದಲು ಅಂತ ಹೊನ್ನಾವರದವರೆಗೆ ಮಾತಾಡುವ."