ಅಮ್ಮನ ನೋವಿಗೊಂದು ನಂಬರು

ಇವತ್ತು ಬೆಳಿಗ್ಗೆ ಸರ್ಜಾಪುರದ ಕ್ಲಿನಿಕ್ಕಿನಲ್ಲಿ ನರ್ಸು ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದ್ದೇ ತಡ, ಸೂಜಿ ಚುಚ್ಚುವ ಮೊದಲೇ ನಾನು ‘ಅಯ್ಯಯ್ಯೋ’ ಎಂದೆ. ಎದುರಿಗಿದ್ದ ಮಗು ನಕ್ಕಿತು. ನಗಲಿ ಬಿಡಿ. ಆ ವಾಸನೆಗೆ ನನಗೆ ಅಮ್ಮನ ಆಪರೇಷನ್ ನೆನಪಾಯಿತು.

ಅಮ್ಮ ನನ್ನ ಹಾಗಲ್ಲ. ಕುಡುಗೋಲು ತಾಗಿ ಬೆರಳು ಸೀಳಿದಾಗಲೂ ಬಟ್ಟೆ ಸುತ್ತಿಕೊಂಡು ರಾಗಿ ಕೊಯ್ದವಳು. ಪಿತ್ತಕೋಶದಲ್ಲಿ ಕಲ್ಲಾಗಿದೆ, ಹೊಟ್ಟೆಗೆ ಸಣ್ಣ ತೂತು ಮಾಡಿ ತೆಗೆಯಬೇಕು ಎಂದಾಗ, ಆಗಲಿ ಎಂದಳು, ಅಷ್ಟೇ. ಅರಿವಳಿಕೆ ಕೊಡುವ ಡಾಕ್ಟರಮ್ಮ ಮೊದಲೇ ಬಂದು ಕೂತು ಒಂದು ವಿಷಯ ಬಿಡಿಸಿ ಹೇಳಿ ಒಪ್ಪಿಗೆ ಕೇಳಿದ್ದರು. ಮರಗಟ್ಟಿಸುವ ಮದ್ದಿಗೆ ಇನ್ನೊಂದು ಮದ್ದು ಚೂರು ಬೆರೆಸಿದರೆ ಹೆಚ್ಚು ಹೊತ್ತು ನೋವು ಸುಳಿಯುವುದಿಲ್ಲ. ಅಂಥ ಎರಡು ಬೆರಕೆಗಳಲ್ಲಿ ಯಾವುದು ಮೇಲು ಎಂದು ಅವರು ಹೋಲಿಸಿ ನೋಡುತ್ತಿದ್ದರು. ಯಾರಿಗೆ ಯಾವುದು ಬಿತ್ತೆಂದು ಅವರಿಗೂ ಕೊನೆಯಲ್ಲೇ ತಿಳಿಯುವುದಂತೆ. ಅದಕ್ಕೇ ಆಪರೇಷನ್ ಆದ ಮೇಲೆ ನೋವಿಗೆ ನಂಬರು ಕೇಳುತ್ತಿದ್ದರು: ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು.

ಅಮ್ಮ ಕೊಟ್ಟಿದ್ದು ಸೊನ್ನೆ. ಮತ್ತೆ ಕೇಳಿದರೂ ಸೊನ್ನೆ. ಕೈ ಮಾತ್ರ ಹೊದಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ನಮ್ಮ ಕಡೆ ಇದೊಂದು ಮರ್ಯಾದೆ, ನಿಮಗೂ ಗೊತ್ತಿರಬಹುದು. ಮದ್ದು ಕೊಟ್ಟವರ ಎದುರಿಗೆ ಇನ್ನೂ ನೋಯುತ್ತಿದೆ ಎಂದರೆ ಅವರ ಕೈಗುಣವನ್ನು ಹಳಿದ ಹಾಗೆ. “ನಿನ್ ಕೈಗುಣ ಚೆನ್ನಾಗದೆ ಕಣವ್ವ” ಎಂದು ಅಮ್ಮ ಹಲ್ಲು ಕಚ್ಚಿಕೊಂಡು ಹೊಗಳಿದಳು.

ಬೇರೆಯವರಾಗಿದ್ದರೆ ಹೊಗಳಿಕೆ ತಗೊಂಡು ಹೊರಟುಬಿಡುತ್ತಿದ್ದರು. ಈ ಪುಣ್ಯಾತ್ಗಿತ್ತಿ ಸ್ಟೂಲು ಎಳೆದುಕೊಂಡು ಕೂತರು.

“ಅಮ್ಮಾ, ನೀವು ನೋವಿಲ್ಲ ಅಂದ್ರೆ ಈ ಮದ್ದೇ ಒಳ್ಳೇದು ಅಂತ ನಾವು ನಂಬಿಬಿಡ್ತೀವಿ. ನಾಳೆ ಇನ್ನೊಬ್ಬರಿಗೂ ಅದನ್ನೇ ಕೊಡ್ತೀವಿ, ಅವರೂ ಹಿಂಗೇ ನರಳ್ತಾರೆ. ನನ್ನ ಕೈಗುಣ ಹಾಳಾಗ್ಲಿ. ನಿಜ ಹೇಳಿ.”

ಅಮ್ಮ ಅವರ ಮುಖವನ್ನೇ ನೋಡಿದಳು.

“ಎಂಟು ಕಣವ್ವ. ಉಸಿರೆಳೆದ್ರೆ ಭುಜದ್ವರ್ಗೂ ಇಡ್ಕೊಂತದೆ.”

ಡಾಕ್ಟರಮ್ಮ ಕೂಡಲೇ ನೋವಿಳಿಸುವ ಇಂಜೆಕ್ಷನ್ ಹಾಕಿಸಿದರು. ತಮ್ಮ ಮದ್ದು ಸೋತಿರಬಹುದಾದ ಆ ಎಂಟನ್ನು ಅವರು ಸಂತೋಷವಾಗಿ ಬರೆದುಕೊಂಡದ್ದು ನೋಡಿ ನನಗೆ ಎದ್ದು ಕೈಮುಗಿಯಬೇಕು ಅನ್ನಿಸಿತು. ಕೊನೆಗೆ ಯಾವ ಬೆರಕೆ ಗೆದ್ದಿತೋ ನಾನು ಕೇಳಲಿಲ್ಲ. ಅಮ್ಮ ಆ ಮಧ್ಯಾಹ್ನ ನಿದ್ದೆ ಮಾಡಿದಳು, ನನಗೆ ಅಷ್ಟು ಸಾಕಿತ್ತು.

ಕ್ಲಿನಿಕ್ಕಿನಿಂದ ಮನೆಗೆ ಬಂದರೆ ಅಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. “ಮಂಡಿ ನೋಯ್ತದೆ ಕಣಪ್ಪ. ನನ್ ಕೈಲಾಗಲ್ಲ, ಇವತ್ತು ಮುದ್ದೆ ನೀನೇ ತಿರುವು” ಎಂದಳು. ಅಪ್ಪನಿಗೂ ಅವಳು ಒಂದು ದಿನವೂ ಹಾಗೆ ಹೇಳಿದವಳಲ್ಲ. ಹೋಗಿ ತಿರುವಿದೆ. ಮುದ್ದೆ ಗಂಟುಗಂಟಾಯಿತು. ಅಮ್ಮ ಅದನ್ನೂ ಮುಚ್ಚಿಡದೆ ಹೇಳಿದಳು.