ಗಯಾಬಾಯಿಯ ಉಡಿಯಲ್ಲಿ ಬ್ಯಾಕ್ಟೀರಿಯ

ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಗಯಾಬಾಯಿ ಮುಚ್ಚಳ ಬಿಗಿದ ಗಾಜಿನ ನಳಿಕೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ಉಡಿಯೊಳಗೆ ಸೇರಿಸುತ್ತಾರೆ. ಅದರ ತುಂಬ ಜೀವಂತ ಬ್ಯಾಕ್ಟೀರಿಯ! ಅವಕ್ಕೆ ಬೇಕಾದದ್ದು ಮನುಷ್ಯರ ಮೈಯ ಕಾವು.

"ಏನ್ ಗಯಾಕ್ಕಾ, ಉಡ್ಯಾಗ ತತ್ತಿ ಇಟ್ಟೀಯೇನು?" ಕಂಡಕ್ಟರ್ ಇಸ್ಮಾಯಿಲ ಕೆಣಕುತ್ತಾನೆ.

"ಹೌದಪಾ, ಕಲ್ಯಾಣ ಮುಟ್ಟೂದ್ರಾಗ ಮರಿ ಆಗ್ತಾವ. ಅವಕ್ಕೂ ಟಿಕೆಟ್ ಕೇಳಬ್ಯಾಡ ಮತ್ತ!"

ಗಯಾಬಾಯಿ ಬಸವಕಲ್ಯಾಣದ ಕಾಲೇಜೊಂದರ ಪ್ರಯೋಗಾಲಯದ ಆಯಾ. ಗಂಡ ತೀರಿದ ವರ್ಷ ಕಸ ಗುಡಿಸಲು ಸೇರಿದವರು. ಅಲ್ಲಿನ ಕಾವುಪೆಟ್ಟಿಗೆ ಕೆಟ್ಟ ಮೇಲೆ ಬ್ಯಾಕ್ಟೀರಿಯ ಬೆಳೆಯುವುದು ಹುಮನಾಬಾದಿನ ದವಾಖಾನೆಯಲ್ಲಿ; ತರುವುದು ಇವರು. ಇವತ್ತು ತಪಾಸಣೆ ಸಮಿತಿ ಬರುತ್ತದೆ. ಪ್ರಯೋಗ ಕಣ್ಣೆದುರು ಆಗದಿದ್ದರೆ ವಿಜ್ಞಾನ ತರಗತಿ ಬಂದ್. ಮಗಳು ಲಲಿತಾ ಓದುವುದು ಅದೇ ತರಗತಿಯಲ್ಲಿ. ಬಂದ್ ಆದರೆ ದುಬಲಗುಂಡಿಯ ವರನಿಗೆ ಹೂಂ ಅನ್ನಬೇಕೆಂದು ಗಯಾಬಾಯಿಯ ಭಾವ ವೈಜಿನಾಥ ಹೇಳಿಬಿಟ್ಟಿದ್ದಾರೆ; ವರನ ಕಡೆಯವರು ಇವತ್ತೇ ಮನೆಗೆ ಬರುತ್ತಾರೆ.

ಹೋದ ವರ್ಷದ ಪ್ರಯೋಗ ಕೆಟ್ಟದ್ದು ಇವರ ಅಕ್ಕರೆಯಿಂದ. ಪತ್ರಿಕೆಗೆ ಬರೆಯಲೆಂದು ಜೊತೆಗೆ ಹೊರಟ ನನಗೆ ಅದನ್ನು ಹೇಳುತ್ತಾರೆ: "ದಾರ್ಯಾಗ ಹಸೀತಾವಂತ ಚೂರು ಬೆಲ್ಲ ಹಾಕಿದ್ನಿರಿ. ಮನಿಗಿ ಬಂದವ್ರಿಗಿ ಬೆಲ್ಲ-ನೀರ ಕೊಡಲ್ಲೇನ್ರಿ? ಪಾಠ ಹೇಳೂ ವಹೀದಾ ಮೇಡಂ ನಕ್ಕು ನಕ್ಕು ಅತ್ತೇಬಿಟ್ರು!"

ನಿನ್ನೆ ಮೇಡಂ ಅದರ ಕಾರಣ ವಿವರಿಸುವಾಗ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಬೆಲ್ಲದಲ್ಲಿರುವ ಗ್ಲೂಕೋಸ್ ಸಿಗುತ್ತಿರುವಷ್ಟು ಕಾಲ ಬ್ಯಾಕ್ಟೀರಿಯದ ಜೀವಕೋಶ ಹಾಲಿನ ಸಕ್ಕರೆಯನ್ನು ಕಣ್ಣೆತ್ತಿ ನೋಡದು. ಗ್ಲೂಕೋಸ್ ಇಲ್ಲವೆಂದಾಗ ಒಳಗೆಲ್ಲ ಹಸಿವಿನ ಸಂಕೇತ ಹರಡುತ್ತದೆ. ಹಾಲಿನ ಸಕ್ಕರೆಯೂ ಬಂದಿದೆಯೆಂದು ತಿಳಿದರೆ ಮಲಗಿದ್ದ ಜೀನು ಏಳುತ್ತದೆ. ಅದರ ಅಪ್ಪಣೆಯಂತೆ ಪ್ರೋಟೀನು ತಯಾರಾಗಿ, ಹೊರಪೊರೆಯಲ್ಲಿ ಬಾಗಿಲಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಇಲ್ಲದ ಬಾಗಿಲು!

ಇಂದು ನಳಿಕೆಗೆ ಬಿದ್ದಿರುವುದು ಹಾಲಿನ ಸಕ್ಕರೆ ಮಾತ್ರ.

ಸಮಿತಿಯೆದುರು ಮೇಡಂ ಬಣ್ಣವಿಲ್ಲದ ಔಷಧ ಹನಿಸುತ್ತಾರೆ. ಬಾಗಿಲಿದ್ದರೆ ಅದು ಕೋಶದೊಳಗೆ ಹೋಗಿ, ಒಡೆದು, ಹಳದಿಯಾಗಬೇಕು. ಆಗುತ್ತಿಲ್ಲ. ಸಮಿತಿಯ ಹಿರಿಯರು ಟೋಪಿ ಎತ್ತಿಕೊಳ್ಳುತ್ತಾರೆ.

"ಜರಾ ತಡೀರಿ ಸಾಹೇಬ್ರ," ಗಯಾಬಾಯಿ ಬಾಗಿಲಿಗೇ ಅಡ್ಡ ನಿಲ್ಲುತ್ತಾರೆ. "ಚಾ ಬರಾಕತ್ತದ."

ಚಾ ಬರುವ ಮುನ್ನ ಲಲಿತಾ ಕೂಗುತ್ತಾಳೆ: "ಅವ್ವಾ, ಹಳದಿ!"

ಹಿರಿಯರು ನಳಿಕೆಯನ್ನು ಕಿಟಕಿಗೆ ಹಿಡಿದು ನೋಡುತ್ತಾರೆ. "ತರಗತಿ ನಡೀಲಿ."

ನಾನು ಪೆನ್ನು ಹಿಡಿದು ಆಸೆಯೇನೆಂದು ಕೇಳಿದರೆ ಗಯಾಬಾಯಿ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಾರೆ. "ಆಮ್ಯಾಲ ಹೇಳ್ತೀನ್ರಿ. ಮೊದಲ ಭಾವಗ ಹೇಳಿ ಬರ್ತೀನಿ: ದುಬಲಗುಂಡಿಯವ್ರು ಊಟ ಮಾಡ್ಕೊಂಡು ಹೋಗ್ಲಿ, ಹುಡುಗಿ ಕಾಲೇಜ್ದಾಗ ಅದಾಳ."