ಹಾವು ಕಚ್ಚಿದ ಕಾಲಿಗೆ ನಾನು ಬಿಗಿದ ಹಗ್ಗ

ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದ ಸೊಸೆಯ ಪಾದಕ್ಕೆ ಹಾವು ಕಚ್ಚಿತು. ಹೊರೆ ಕಟ್ಟೋ ಹಗ್ಗ ತಂದು ನಾನೇ ಅವಳ ಮೊಣಕಾಲ ಕೆಳಗೆ ಬಲವಾಗಿ ಬಿಗಿದೆ. ಆಂಬುಲೆನ್ಸ್ ಬರೋ ಹೊತ್ತಿಗೆ ಕಾಲು ನೀಲಿಗಟ್ಟಿತ್ತು, ವಿಷ ಏರಿ ಸೊಸೆಯ ರೆಪ್ಪೆ ಮೇಲೇಳುತ್ತಿರಲಿಲ್ಲ.

"ಯಾರಜ್ಜಿ ಹಿಂಗೆ ಕಟ್ಟಿದ್ದು? ಕಾಲೇ ಹೋಯ್ತದೆ," ಅಂತ ಆಂಬುಲೆನ್ಸಿನ ನರ್ಸಮ್ಮ ಬೈದಳು. ಸೊಸೆಯ ಕೈಗೆ ಸೂಜಿ ಚುಚ್ಚಿ ಔಷಧಿ ಏರಿಸಿ, ಆಮೇಲೆ ಹಗ್ಗವನ್ನು ಮೆಲ್ಲಗೆ ಸಡಿಲಿಸಿದಳು. ಕಾಲೇಜಿಗೆ ಹೋಗೋ ಮೊಮ್ಮಗಳು ನರ್ಸಮ್ಮ ಹೇಳಿದಂಗೆ ಕನಕಪುರದ ಆಸ್ಪತ್ರೆವರೆಗೂ ಅವ್ವನ ಕಾಲು ಅಲುಗದಂಗೆ ಹಿಡಿದು ಕೂತಳು. ಸೊಸೆ ಉಳಿದಳು.

"ಹಿಂಗೆ ಹಗ್ಗ ಬಿಗಿಯೋ ನಿನ್ನಂಥ ಅಜ್ಜೀರು ಊರಿಗೊಬ್ಬರು ಅವ್ರೆ. ಆ ನರ್ಸಮ್ಮನಂಗೆ ನಾನೂ ಆಂಬುಲೆನ್ಸ್ ಕೆಲಸಾನೇ ಕಲೀತೀನಿ," ಅಂತಾಳೆ ಮೊಮ್ಮಗಳು. ದಿನಾ ಸಾಯೋರ ಪಕ್ಕ ಕೂರಬೇಕಲ್ಲಾ ಅಂತ ನನಗೆ ಭಯ. ಆದರೂ ಬೇಡ ಅನ್ನಲಿಲ್ಲ. ಏನೂ ತಿಳೀದೆ ನಾನು ಮಾಡಿದ್ದು ನೆನೆದರೆ ಅದಕ್ಕಿಂತ ಭಯ.